ಗಂಟಲಿನ ಕ್ಯಾನ್ಸರಿನಲ್ಲಿ ವೈರಸ್ಸಿನ ಗುರುತು: ಪ್ರಯೋಗಾಲಯದ ನನ್ನ ಅನುಭವ

ಬೆಂಗಳೂರಿನ ಪ್ಯಾಥಾಲಜಿ ಪ್ರಯೋಗಾಲಯವೊಂದರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರುಗಳ ಬಯಾಪ್ಸಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವ ಗೆಡ್ಡೆಗಳಲ್ಲಿ ಬಹುಪಾಲಿನ ಹಿಂದೆ ಬೀಡಿ, ಸಿಗರೇಟು, ಗುಟ್ಕಾ, ಅಡಿಕೆ ಅಥವಾ ಮದ್ಯದ ಚರಿತ್ರೆ ಇರುತ್ತದೆ. ಹಾಗಾಗಿ ವೈರಸ್ಸನ್ನು ಕಾರಣವೆಂದು ಬರೆಯುವಾಗ ನಾನು ಬಹಳ ಎಚ್ಚರ ವಹಿಸುತ್ತೇನೆ. ಹಾಗೆಂದು ಅದನ್ನು ಅಲಕ್ಷಿಸುವಂತೆಯೂ ಇಲ್ಲ: ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16ನೆಯ ಬಗೆಯು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂಬುದು ಈಗ ಸ್ಥಾಪಿತ ಸಂಗತಿ.

ನಾನು ಮೊದಲು ಕೇಳುವುದು ಗೆಡ್ಡೆ ಹುಟ್ಟಿದ ಜಾಗವನ್ನು. ಕೋರಿಕೆ ಚೀಟಿಯಲ್ಲಿ ‘ಗಂಟಲಿನ ಗೆಡ್ಡೆ’ ಎಂದಷ್ಟೇ ಇದ್ದರೆ ಶಸ್ತ್ರವೈದ್ಯರಿಗೆ ಫೋನ್ ಮಾಡುತ್ತೇನೆ. ಟಾನ್ಸಿಲಿನ ಆಳವಾದ ಬಿರುಕುಗಳ ಒಳಪದರ ತೆಳುವಾಗಿದ್ದು ಜಾಲರಿಯಂತೆ ತೆರೆದಿರುವುದರಿಂದ, ವೈರಸ್ಸು ಬುಡದ ಜೀವಕೋಶಗಳನ್ನು ಸುಲಭವಾಗಿ ತಲುಪುತ್ತದೆ. ಧ್ವನಿಪೆಟ್ಟಿಗೆಯ ಅಥವಾ ಕೆನ್ನೆಯ ಒಳಭಾಗದ ಕ್ಯಾನ್ಸರುಗಳಲ್ಲಿ ಇದರ ಪಾಲು ತೀರ ಕಡಿಮೆ. ಅಲ್ಲಿ ವೈರಸ್ಸಿನ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡುವುದರಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ರೋಗಿಗೆ ಪ್ರಯೋಜನವಿಲ್ಲ.

ಜಾಗ ಖಚಿತವಾದ ಮೇಲೆ ಪಿ16 ಎಂಬ ಪ್ರೋಟೀನಿಗೆ ಬಣ್ಣ ಹಾಕಿಸುತ್ತೇನೆ. ವೈರಸ್ಸಿನ ಇ6 ಪ್ರೋಟೀನು ಜೀವಕೋಶದ ಪಿ53 ಎಂಬ ಕಾವಲುಗಾರನನ್ನು ನಾಶಮಾಡುತ್ತದೆ. ಇ7 ಪ್ರೋಟೀನು ಆರ್‌ಬಿ ಎಂಬ ಇನ್ನೊಂದನ್ನು ನಿಷ್ಕ್ರಿಯಗೊಳಿಸುತ್ತದೆ. ಆರ್‌ಬಿ ಸೋತಾಗ ಪಿ16 ಮಿತಿಮೀರಿ ಸಂಗ್ರಹವಾಗುವುದರಿಂದ, ಅದು ವೈರಸ್ಸಿನ ಪರೋಕ್ಷ ಕುರುಹಾಗುತ್ತದೆ. ಕನಿಷ್ಠ ಶೇ. 70ರಷ್ಟು ಗೆಡ್ಡೆಯ ಕೋಶಗಳಲ್ಲಿ, ಕೋಶಕೇಂದ್ರ ಮತ್ತು ಕೋಶರಸ ಎರಡರಲ್ಲೂ, ಕಂದು ಬಣ್ಣ ಗಾಢವಾಗಿ ಹಿಡಿದಿದ್ದರೆ ಮಾತ್ರ ಪಾಸಿಟಿವ್ ಎನ್ನುತ್ತೇನೆ. ಅಲ್ಲಲ್ಲಿ ತೇಪೆಯಾಗಿ ಹಿಡಿದ ಮಸುಕಾದ ಬಣ್ಣವನ್ನು, ಚಿಕಿತ್ಸಕರು ಎಷ್ಟೇ ಆಸೆಯಿಂದ ಕೇಳಿದರೂ, ಪಾಸಿಟಿವ್ ಎಂದು ಬರೆಯುವುದಿಲ್ಲ.

ಅಷ್ಟಕ್ಕೇ ನಿಲ್ಲಿಸುವುದೂ ನನಗೆ ಸರಿಯೆನಿಸುವುದಿಲ್ಲ. 2023ರಲ್ಲಿ ಪ್ರಕಟವಾದ, ಹಲವು ದೇಶಗಳ 7,654 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿ ಪಿ16 ಒಂದು ಮಾತು ಹೇಳಿದರೆ ವೈರಸ್ ಪರೀಕ್ಷೆ ಇನ್ನೊಂದು ಹೇಳಿತ್ತು. ವೈರಸ್‌ಜನ್ಯ ಗೆಡ್ಡೆಗಳು ವಿರಳವಾಗಿರುವ ಕಡೆ ಪಿ16 ಒಂದನ್ನೇ ನಂಬಿದರೆ ಮೋಸಹೋಗುವ ಸಂಭವ ಹೆಚ್ಚು. ಆದ್ದರಿಂದ ವೆಚ್ಚ ಭರಿಸಲು ಸಾಧ್ಯವಾದಾಗಲೆಲ್ಲ ಅದೇ ಬ್ಲಾಕಿನಿಂದ (ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ತುಣುಕಿನಿಂದ) ವೈರಸ್ಸಿನ ಇ6 ಮತ್ತು ಇ7 ಆರ್‌ಎನ್‌ಎ ಪರೀಕ್ಷೆಯನ್ನೂ ಮಾಡಿಸಲು ಒತ್ತಾಯಿಸುತ್ತೇನೆ. ವೈರಸ್ಸು ಅಲ್ಲಿ ಸುಮ್ಮನೆ ಇದೆಯೋ, ನಿಜಕ್ಕೂ ಕೆಲಸ ಮಾಡುತ್ತಿದೆಯೋ ಎಂಬುದನ್ನು ಅದು ತೋರಿಸುತ್ತದೆ.

ಈ ಹಟಕ್ಕೆ ಕಾರಣವಿದೆ. 2010ರ ಅಮೆರಿಕದ ಅಧ್ಯಯನವೊಂದರಲ್ಲಿ ವೈರಸ್‌ಜನ್ಯ ಗೆಡ್ಡೆಯವರಲ್ಲಿ ಶೇ. 82.4ರಷ್ಟು ಮಂದಿ ಮೂರು ವರ್ಷಗಳ ನಂತರ ಬದುಕಿದ್ದರು. ಉಳಿದವರಲ್ಲಿ ಆ ಪ್ರಮಾಣ ಶೇ. 57.1 ಮಾತ್ರ. ಆದರೆ ಧೂಮಪಾನದ ಚರಿತ್ರೆ ಈ ಅನುಕೂಲವನ್ನು ಕುಗ್ಗಿಸುತ್ತದೆ. ಮೇಲಾಗಿ, ವೈರಸ್ ಪಾಸಿಟಿವ್ ಎಂದು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಬದಲು ಸೆಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಫಲಿತಾಂಶ ಕೆಟ್ಟಿತು. ನನ್ನ ವರದಿಯನ್ನು ಚಿಕಿತ್ಸೆ ತಗ್ಗಿಸಲು ಅನುಮತಿಯೆಂದು ಯಾರೂ ಓದಬಾರದೆಂದು ಸಭೆಗಳಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ.

ಪರೀಕ್ಷೆಯ ಬೆಲೆ ನನಗೆ ಅತ್ಯಂತ ಸ್ಪಷ್ಟವಾಗುವುದು ಕತ್ತಿನ ಗಂಟು ಮಾತ್ರ ಕಂಡು ಮೂಲ ಗೆಡ್ಡೆ ಸಿಗದಿದ್ದಾಗ. ಗಂಟಿನ ಅಂಗಾಂಶ ಪಿ16 ಪಾಸಿಟಿವ್ ಆಗಿದ್ದು ವೈರಸ್ ಪರೀಕ್ಷೆಯೂ ಅದನ್ನು ಸಮರ್ಥಿಸಿದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಹುಡುಕುವಂತೆ ತಿಳಿಸುತ್ತೇನೆ. ಮೂಗಿನ ಹಿಂಭಾಗದ ಕ್ಯಾನ್ಸರ್ ಹೆಚ್ಚಾಗಿ ಕಾಣುವ ನಾಗಾಲ್ಯಾಂಡಿನಂಥ ಈಶಾನ್ಯ ರಾಜ್ಯಗಳಿಂದ ಬಂದವರಲ್ಲಿ, ಆ ಕ್ಯಾನ್ಸರಿನೊಂದಿಗೆ ನಂಟಿರುವ ಎಪ್‌ಸ್ಟೈನ್-ಬಾರ್ ವೈರಸ್ಸಿನ ಆರ್‌ಎನ್‌ಎ ಪರೀಕ್ಷೆಯನ್ನೂ ಮೊದಲೇ ಸೇರಿಸುತ್ತೇನೆ. ಅದು ಪಾಸಿಟಿವ್ ಬಂದರೆ ಶಸ್ತ್ರವೈದ್ಯರು ಎಂಡೋಸ್ಕೋಪನ್ನು ಮೊದಲು ಮೂಗಿನ ಹಿಂಭಾಗಕ್ಕೆ ಒಯ್ಯುತ್ತಾರೆ.