ನಮ್ಮ ಕುಕ್ಕರಹಳ್ಳಿ ಕೆರೆ ಆರ್ಕ್‌ಟಿಕ್‌ಗೆ ಹೋಗಿತ್ತು

ಮೈಸೂರಿನ ಕೆರೆಗಳ ಬಗ್ಗೆ ನನ್ನದೊಂದು ಪುಟ್ಟ ವೆಬ್‌ಸೈಟ್ ಇದೆ. ಅದಕ್ಕೊಂದು ನಕ್ಷೆ ಹಾಕೋಣ ಅಂತ ಲೀಫ್‌ಲೆಟ್ ಆರಿಸಿಕೊಂಡೆ. ವೆಬ್‌ಪುಟದಲ್ಲಿ ನಕ್ಷೆ ತೋರಿಸಲು ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಶುರು ಮಾಡಿದ ಈ ಜಾವಾಸ್ಕ್ರಿಪ್ಟ್ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) 2011ರಿಂದ ಇದೆ. ಹಗುರ, ದುಡ್ಡೂ ಇಲ್ಲ. ಅಂದಚೆಂದದ್ದೊಂದು ಸಿಎಸ್‌ಎಸ್ ಫೈಲು, ಜಾವಾಸ್ಕ್ರಿಪ್ಟಿನದೊಂದು ಜೆಎಸ್ ಫೈಲು ಸೇರಿಸಿದರೆ ಆಯ್ತು, ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಎರಡು ಸಂಜೆ ಹಿಡಿಯಿತು.

ಮೊದಲ ಸಲ ಪುಟ ಖಾಲಿ. ಎಫ್12 ಒತ್ತಿ, ಬ್ರೌಸರ್ ತಪ್ಪುಗಳನ್ನು ಬರೆಯುವ ಕನ್ಸೋಲ್ ನೋಡಿದರೆ ‘ಎಲ್ ಈಸ್ ನಾಟ್ ಡಿಫೈನ್ಡ್’ ಅನ್ನುವ ಕೆಂಪು ಸಾಲು. ಕೋಡ್‌ನಲ್ಲಿ ಲೀಫ್‌ಲೆಟ್‌ನ ಹೆಸರೇ ‘ಎಲ್’, ಅಂದರೆ ಲೈಬ್ರರಿ ಬಂದೇ ಇಲ್ಲ. ಹಳೆಯ ಕೆಲಸದಿಂದ ಲೈಬ್ರರಿಯನ್ನು ಕರೆಯುವ ಸ್ಕ್ರಿಪ್ಟ್ ಟ್ಯಾಗ್ ನಕಲು ಮಾಡಿ, ವಿಳಾಸದಲ್ಲಿ ಆವೃತ್ತಿ 1.9.3 ಇದ್ದದ್ದನ್ನು 1.9.4 ಮಾಡಿದ್ದೆ. ಪಕ್ಕದ ಇಂಟೆಗ್ರಿಟಿ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಹಳೆಯದೇ ಉಳಿದಿತ್ತು. ಫೈಲಿಗೂ ಹ್ಯಾಶಿಗೂ ತಾಳೆಯಾಗದಿದ್ದರೆ ಬ್ರೌಸರ್ ಆ ಫೈಲನ್ನು ಓಡಿಸುವುದೇ ಇಲ್ಲ. ಕನ್ಸೋಲ್ ಇದನ್ನು ಮೇಲಿನ ಸಾಲಿನಲ್ಲೇ ಹೇಳಿತ್ತು. ನಾನು ಕೊನೆಯ ಸಾಲು ಮಾತ್ರ ಓದಿದ್ದೆ!

ಹ್ಯಾಶ್ ಬದಲಿಸಿದೆ. ಕೆಂಪು ಸಾಲು ಹೋಯಿತು, ನಕ್ಷೆ ಬರಲಿಲ್ಲ. ಕನ್ಸೋಲ್ ಬೇರೆ ಏನೂ ಆಗಿಲ್ಲವೆಂಬಂತೆ ಸುಮ್ನೆ ಕೂತಿದೆ. ತಲೆ ಕೆರೆದುಕೊಂಡು, ನಕ್ಷೆ ಕೂರುವ ಡಿವ್‌ಗೆ (ಪುಟದೊಳಗಿನ ಪೆಟ್ಟಿಗೆ) ಸುತ್ತಲೂ ಕೆಂಪು ಬಾರ್ಡರ್ ಹಾಕಿ ನೋಡಿದೆ. ಚೌಕದ ಬದಲು ಬರೀ ಒಂದು ಅಡ್ಡಗೆರೆ. ಎತ್ತರ ಸೊನ್ನೆ! ಲೀಫ್‌ಲೆಟ್ ತಾನಾಗಿ ಎತ್ತರ ಕೊಡುವುದಿಲ್ಲ, ನಾವೇ ಕೊಡಬೇಕು. ನಾನು 100% ಅಂತ ಕೊಟ್ಟಿದ್ದೆ. ಹೊರಗಿನ ಡಿವ್‌ಗೇ ಎತ್ತರ ಗೊತ್ತುಮಾಡದಿದ್ದರೆ ಯಾವುದರ ನೂರಕ್ಕೆ ನೂರು, ಅಲ್ವಾ? 400 ಪಿಕ್ಸೆಲ್ ಅಂತ ಬರೆದೆ. ಮೈಸೂರು ಬಂತು.

ಕೆರೆಯ ಗುರುತುಗಳು ಮಾತ್ರ ಇಲ್ಲ. ನಕ್ಷೆಯನ್ನು ಚಿಕ್ಕದು ಮಾಡುತ್ತಾ ಹೋದೆ. ಕರ್ನಾಟಕ ದಾಟಿತು, ಏಷ್ಯಾ ದಾಟಿತು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಮೂರೂ ನಾರ್ವೆಯ ಸ್ವಾಲ್ಬಾರ್ಡ್ ಪಕ್ಕದ ಸಮುದ್ರದಲ್ಲಿ ತೇಲುತ್ತಿದ್ದವು. ಒಬ್ಬನೇ ಕೂತು ನಕ್ಕೆ. ಗುರುತು (ಮಾರ್ಕರ್) ಹಾಕುವಾಗ ಲೀಫ್‌ಲೆಟ್‌ಗೆ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಾನು ಅಂಕಿಗಳನ್ನು ತೆಗೆದದ್ದು ಸ್ಥಳಗಳ ಮಾಹಿತಿ ಬರೆದಿಡುವ ಜಿಯೋಜೇಸನ್ ಫೈಲಿನಿಂದ, ಅಲ್ಲಿ ರೇಖಾಂಶ ಮೊದಲು. 12.31, 76.63 ಆಗಬೇಕಿದ್ದದ್ದು 76.63, 12.31 ಆಗಿತ್ತು. ಆ ಫೈಲನ್ನೇ ಹಾಗೇ ಲೀಫ್‌ಲೆಟ್‌ನ ಜಿಯೋಜೇಸನ್ ಫಂಕ್ಷನ್‌ಗೆ ಕೊಟ್ಟಿದ್ದರೆ ಅದೇ ತಿರುಗಿಸಿಕೊಳ್ಳುತ್ತಿತ್ತು. ಅತಿಬುದ್ಧಿವಂತಿಕೆ ನನ್ನದು.

ನಕ್ಷೆಯ ಮಾಹಿತಿ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ಮೂಲೆಯಲ್ಲಿ ಬರುವ ಅದರ ಹೆಸರು ಚೆನ್ನಾಗಿ ಕಾಣಲ್ಲ ಅಂತ ತೆಗೆಯಲು ಹೊರಟಿದ್ದೆ. ಅವರ ಲೈಸೆನ್ಸ್ ಪ್ರಕಾರ ಅದು ಇರಲೇಬೇಕು. ಬಿಟ್ಟೆ.

ಎಲ್ಲ ಸರಿಯಾಯ್ತು ಅಂತ ಅಕ್ಕನಿಗೆ ಕೊಂಡಿ ಕಳಿಸಿದೆ. ‘ಅರ್ಧ ನಕ್ಷೆ ಬೂದಿ ಬಣ್ಣ ಕಣೋ’ ಅಂದಳು. ಮೊಬೈಲಿನಲ್ಲಿ ನಕ್ಷೆ ಎರಡನೇ ಟ್ಯಾಬ್‌ನಲ್ಲಿದೆ. ಪುಟ ತೆರೆದಾಗ ಆ ಟ್ಯಾಬ್ ಮುಚ್ಚಿರುತ್ತದೆ, ಲೀಫ್‌ಲೆಟ್‌ಗೆ ಸರಿಯಾದ ಅಳತೆ ಸಿಗುವುದಿಲ್ಲ. ಟ್ಯಾಬ್ ತೆರೆದ ಮೇಲೆ ಲೀಫ್‌ಲೆಟ್‌ನ ‘ಇನ್‌ವ್ಯಾಲಿಡೇಟ್‌ಸೈಜ್’ ಫಂಕ್ಷನ್ ಕರೆದರೆ ಮತ್ತೆ ಅಳೆದುಕೊಳ್ಳುತ್ತದೆ. ಒಂದೇ ಸಾಲು ಸೇರಿಸಿ ಮತ್ತೆ ಕಳಿಸಿದೆ.

‘ಈಗ ಬಂತು. ಹೆಬ್ಬಾಳ ಕೆರೆ ಎಲ್ಲೋ?’