ಕೂಸು ಗೊರಗೊರ ಅಂದಾಗ ನಾನು ನೋಡುವುದು

ನಾನು ಸೇಡಂ ಕಡೆಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಬಾಣಂತಿ ಮನೆಗೆ ಹೋಗಬೇಕು. ಒಳಗೆ ಕಾಲಿಡುವ ಮೊದಲೇ ಮನೆಯ ಆಯಿ, ಅಂದರೆ ಅಜ್ಜಿ, ಶುರು ಮಾಡುತ್ತಾಳೆ: "ಯವ್ವಾ, ಕೂಸು ಗೊರಗೊರ ಅನ್ಲಕತ್ತದ, ಎದಿಯಾಗ ಕಫ ಆಗ್ಯಾದೇನು ನೋಡು."

ನಾನು ಸದ್ದಿಗೆ ಕಿವಿ ಕೊಡುವುದು ಆಮೇಲೆ. ಮೊದಲು ಬಟ್ಟೆ ಬಿಚ್ಚಿಸುತ್ತೇನೆ. ಕುಂಚಿಗಿ, ಸ್ವೆಟರ್, ಮೇಲೊಂದು ದುಪ್ಪಟಿ. ಅದರೊಳಗೆ ಎದೆ ಎಲ್ಲಿ ಕಾಣಬೇಕು? ಕೂಸು ಅಳುತ್ತಿದ್ದರೆ ಹಾಲು ಕುಡಿದು ಸುಮ್ಮನಾಗುವವರೆಗೆ ಕಾಯುತ್ತೇನೆ. ಆಮೇಲೆ ಅಂಗಿ ಮೇಲೆತ್ತಿ, ವಾಚ್ ಹಿಡಿದು, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಿದರೆ ಲೆಕ್ಕ ಸುಳ್ಳಾಗುತ್ತದೆ. ಎಳೆ ಕೂಸು ಒಂದೇ ಸಮ ಉಸಿರಾಡುವುದಿಲ್ಲ. ಸರಸರ ಉಸಿರಾಡಿ, ಐದಾರು ಸೆಕೆಂಡ್ ನಿಂತು, ಮತ್ತೆ ಶುರು ಮಾಡುತ್ತದೆ. ಅದನ್ನು ನೋಡಿ ಚೊಚ್ಚಲ ಬಾಣಂತಿಯ ಜೀವ ಬಾಯಿಗೆ ಬರುತ್ತದೆ. ಬಣ್ಣ ಬದಲಾಗದೆ 10 ಸೆಕೆಂಡ್ ಒಳಗೆ ಮತ್ತೆ ಉಸಿರಾಡಿದರೆ ಹೆದರಬೇಕಿಲ್ಲ. ನಿಮಿಷಕ್ಕೆ 30ರಿಂದ 60ರ ಒಳಗಿದ್ದರೆ ಸರಿ. 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸುತ್ತೇನೆ. ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿಸುತ್ತೇನೆ.

ಗೊರಗೊರ ಬಹುಪಾಲು ಮೂಗಿನದೇ. ಈ ವಯಸ್ಸಿನಲ್ಲಿ ಉಸಿರು ಹೆಚ್ಚಾಗಿ ಮೂಗಿನಿಂದಲೇ, ಅದರ ದಾರಿಯೋ ಬಲು ಸಣ್ಣದು. ಚೂರು ಸಿಂಬಳ ಕಟ್ಟಿದರೂ ಸದ್ದು ಬರುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ಅದು ಅಂಗೈಗೂ ತಾಗುತ್ತದೆ, ಎದೆಯಲ್ಲಿ ಕಫ ಅನ್ನಿಸುವುದು ಅದಕ್ಕೇ. ಸಾಲದ್ದಕ್ಕೆ ಬಾಣಂತಿ ಕೋಣೆಯಲ್ಲಿ ಕೆಂಡ, ಲೋಬಾನದ ಹೊಗೆ. ಅದನ್ನು ಮೊದಲು ಹೊರಗೆ ಹಾಕಿಸುತ್ತೇನೆ. ಹಾಲು ಕುಡಿಸುವ ಮುಂಚೆ ಸಲೈನ್ ಡ್ರಾಪ್ಸ್ ಹೊಳ್ಳೆಗೆ ಒಂದೊಂದು ಹನಿ ಸಾಕು. ಎಣ್ಣೆ ಮಾತ್ರ ಬಿಡಬಾರದು. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. "ನನ್ನ ಐದು ಮಕ್ಕಳಿಗೂ ಬಿಟ್ಟೀನಿ, ಏನಾಗ್ಯಾದ?" ಅನ್ನುವ ಆಯಿ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. "ಮೈಗಿ ಹಚ್ಚು ಆಯಿ, ಮೂಗಿಗಿ ಬ್ಯಾಡ" ಅಂತೇನೆ.

ಉಸಿರು ಒಳಗೆಳೆಯುವಾಗ ಬರುವ ಕುಂಯ್ ಸದ್ದು ಬೇರೆ. ಅತ್ತಾಗ, ಅಂಗಾತ ಮಲಗಿದಾಗ ಜಾಸ್ತಿ. ಧ್ವನಿಪೆಟ್ಟಿಗೆಯ ಮೇಲಿನ ಭಾಗ ಇನ್ನೂ ಮೆತ್ತಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಹೆಚ್ಚಿನವರಿಗೆ ಒಂದೂವರೆ, ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಆದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ ಅಂತೇನೆ, ಪ್ರತಿ ಭೇಟಿಗೂ ತೂಕ ನೋಡುತ್ತೇನೆ.

ನನಗೆ ಭಯ ಹುಟ್ಟಿಸಿದ ಕೂಸು ಸದ್ದೇ ಮಾಡುತ್ತಿರಲಿಲ್ಲ. "ಭಾಳ ಶಾಣ್ಯಾ ಅದ, ಮಲ್ಕೊಂಡೇ ಇರ್ತದ" ಅಂದರು. ಅಂಗಿ ಎತ್ತಿದರೆ ಪಕ್ಕೆಲುಬಿನ ಕೆಳಗೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು, ಹೊಳ್ಳೆ ಅರಳುತ್ತಿದ್ದವು. ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ. ಹೊಟ್ಟೆಗೆ ಬರೆ ಹಾಕಿಸೋಣ ಅಂತ ಒಬ್ಬರು ಎದ್ದೇ ಬಿಟ್ಟರು. ನಾನು 108ಕ್ಕೆ ಫೋನ್ ಮಾಡಿ, ಕೂಸನ್ನು ತಾಯಿಯ ಬರಿ ಎದೆಗೆ ಹಚ್ಚಿ ಮೇಲೆ ದುಪ್ಪಟಿ ಹೊದಿಸಿದೆ. ಗಾಡಿ ಬರುವವರೆಗೆ ಬಾಯಿಗೆ ಏನೂ ಹಾಕಲು ಬಿಡಲಿಲ್ಲ. ಕಲಬುರಗಿಗೆ ನಾನೂ ಜೊತೆಗೆ ಹೋದೆ.