ಹಳೇ ವಾಲ್ವ್ ಆಂಪ್ಲಿಫೈಯರ್: ಬೆಳಕು ಬಿಡಿ, ಕಬ್ಬಿಣ ನೋಡಿ

ಜೋರಾಗಿ ಹಾಡು ಕೇಳುವ ಹುಚ್ಚಿನವರು ಹಳೇ ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರಿನ ಬದಲು ಗಾಜಿನ ಕೊಳವೆಗಳಿಂದ ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೊಳ್ಳಲು ಹೋದಾಗ ಆಗುವ ಎಡವಟ್ಟು ಹೆಚ್ಚುಕಡಿಮೆ ಒಂದೇ ತರಹದ್ದು. ಮಾರುವವನು ಕೋಣೆಯ ದೀಪ ಆರಿಸುತ್ತಾನೆ, ಸಾಲಾಗಿ ನಿಂತ ವಾಲ್ವ್‌ಗಳು ಕೆಂಡದಂತೆ ಮಿನುಗುತ್ತವೆ, ಕೊಳ್ಳುವವನು ಅಲ್ಲೇ ಸೋತು ದುಡ್ಡು ಎಣಿಸುತ್ತಾನೆ. ವಾಲ್ವ್ ಸವೆದುಹೋಗುವ ಸಾಮಾನು, ಇವತ್ತಲ್ಲ ನಾಳೆ ಬದಲಾಯಿಸಲೇಬೇಕು. ನೀವು ನಿಜವಾಗಿ ಕೊಳ್ಳುತ್ತಿರುವುದು ಅದರ ಹಿಂದೆ ಕಪ್ಪಗೆ, ಭಾರವಾಗಿ ಕೂತು, ವಾಲ್ವಿನ ಸಿಗ್ನಲನ್ನು ಸ್ಪೀಕರಿಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳನ್ನು. ಅವು ಸುಟ್ಟರೆ ಉಳಿಯುವುದು ಚೆಂದದ ತಗಡಿನ ಡಬ್ಬಿ.

ಮೊದಲ ಹೆಜ್ಜೆ: ಸ್ಪೀಕರ್ ಲೆಕ್ಕ

ಆಂಪ್ಲಿಫೈಯರ್ ಹುಡುಕುವ ಮೊದಲು ನಿಮ್ಮ ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟೆಂದು ನೋಡಿ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎನ್ನುವ ಅಂಕಿ ಅದು. 96 ಡೆಸಿಬೆಲ್ ಸ್ಪೀಕರಿಗೆ 10 ವಾಟ್ ಕೊಟ್ಟರೆ 106 ಡೆಸಿಬೆಲ್ ಬರುತ್ತದೆ. 86ರ ಸ್ಪೀಕರಿನಿಂದ ಅಷ್ಟೇ ಸದ್ದು ಹೊರಡಿಸಲು 100 ವಾಟ್ ಬೇಕು. ವಾಟ್ ದುಪ್ಪಟ್ಟಾದರೆ ಸಿಗುವುದು ಬರೀ 3 ಡೆಸಿಬೆಲ್. ಹಾಗಾಗಿ 35 ವಾಟಿನದು ಬಿಟ್ಟು 70 ವಾಟಿನದಕ್ಕೆ ಎರಡು ಪಟ್ಟು ಬೆಲೆ ತೆರುವ ಬದಲು ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ ಎಂಬುದು ನನ್ನ ಖಡಾಖಂಡಿತ ಮಾತು.

‘ವಾಲ್ವಿನ ಒಂದು ವಾಟ್ ಟ್ರಾನ್ಸಿಸ್ಟರಿನ ಮೂರು ವಾಟಿಗೆ ಸಮ’ ಎಂದು ಹೇಳುವವರಿದ್ದಾರೆ. ವಾಲ್ವ್ ಸೆಟ್ ಮಿತಿ ಮೀರಿದಾಗ ಸದ್ದು ಫಕ್ಕನೆ ಕತ್ತರಿಸಿದಂತೆ ಆಗದೆ ನಯವಾಗಿ ಒಡೆಯುತ್ತದೆ, ಕಿವಿ ಅದನ್ನು ಸಹಿಸಿಕೊಳ್ಳುತ್ತದೆ. ಆ ಮಾತಿನಲ್ಲಿ ನಿಜ ಇರುವುದು ಅಷ್ಟೇ.

ಎರಡನೇ ಹೆಜ್ಜೆ: ಮಾಡೆಲ್

ಪ್ರತಿ ಚಾನೆಲ್ಲಿಗೆ ಎರಡು ಇಎಲ್34 ಅಥವಾ 6ಎಲ್6ಜಿಸಿ ವಾಲ್ವ್ ಇದ್ದು, ಒಂದು ತಳ್ಳಿದರೆ ಇನ್ನೊಂದು ಎಳೆಯುವ ಪುಶ್‌ಪುಲ್ ಸೆಟ್ಟನ್ನೇ ಹುಡುಕಿ. ಇವನ್ನು, ಕೆಟಿ88 ಎಂಬ ಇನ್ನೊಂದು ವಾಲ್ವನ್ನೂ, ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಇಂದಿಗೂ ತಯಾರಿಸುತ್ತಾರೆ. 1959ರಲ್ಲಿ ಬಂದ ಡೈನಾಕೊ ಸ್ಟೀರಿಯೊ 70, ಚಾನೆಲ್ಲಿಗೆ 35 ವಾಟ್, ನನ್ನ ಮೊದಲ ಆಯ್ಕೆ. ಒಂದೇ ಎಚ್ಚರಿಕೆ: ಅದು ಹೆಚ್ಚಾಗಿ ಬಿಡಿಭಾಗಗಳ ಕಿಟ್ ಆಗಿ ಮಾರಾಟವಾದದ್ದು. ಒಳಗಿನ ಬೆಸುಗೆ ಯಾರದೋ ಮನೆಯ ಮೇಜಿನ ಮೇಲೆ ಆದದ್ದು, ತಿರುಗಿಸಿ ನೋಡಲೇಬೇಕು. ಅದರ ಮೂಲ 7199 ವಾಲ್ವ್ ಈಗ ದುರ್ಲಭವಾದ್ದರಿಂದ ಎಷ್ಟೋ ಸೆಟ್‌ಗಳಲ್ಲಿ ದೊಡ್ಡ ವಾಲ್ವಿಗೆ ಸಿಗ್ನಲ್ ಕೊಡುವ ಡ್ರೈವರ್ ಬೋರ್ಡನ್ನೇ ಬದಲಿಸಿರುತ್ತಾರೆ. ಅದನ್ನು ನಾನು ಕೊರತೆ ಎಂದು ಎಣಿಸುವುದಿಲ್ಲ.

1961ರ ಮೆಕಿಂಟಾಶ್ ಎಂಸಿ275 ಚಾನೆಲ್ಲಿಗೆ 75 ವಾಟ್ ಕೊಡುವ ಗಟ್ಟಿ ಆಳು, ಆದರೆ ಹೆಸರಿಗೇ ಅರ್ಧ ಬೆಲೆ. 15 ವಾಟಿನ ಕ್ವಾಡ್ ಟೂ, 10 ವಾಟಿನ ಆಸುಪಾಸಿನ ಲೀಕ್ ಸ್ಟೀರಿಯೊ 20 ಇಂಪಾಗಿ ಹಾಡುತ್ತವೆ. 86 ಡೆಸಿಬೆಲ್ ಸ್ಪೀಕರಿಗೆ ಕಟ್ಟಿ ರಾಕ್ ಹಾಕಿದರೆ ಮಾತ್ರ ಏದುಸಿರು ಬಿಡುತ್ತವೆ. ಇನ್ನು ವಾಲ್ವಿನ ಬುಡದಲ್ಲಿ ಬಣ್ಣದ ಎಲ್ಇಡಿ ಹಚ್ಚಿ ‘ವಿಂಟೇಜ್’ ಎನ್ನುವ ಅಗ್ಗದ ಹೊಸ ಪೆಟ್ಟಿಗೆಗಳ ಹತ್ತಿರವೂ ಸುಳಿಯಬೇಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ಸ್ಪೀಕರನ್ನು ಓಡಿಸುವುದು ಒಳಗೆ ಅಡಗಿರುವ ಒಂದು ಚಿಪ್.

ಮೂರನೇ ಹೆಜ್ಜೆ: ಎಲ್ಲರೂ ಎಡವುವ ಜಾಗ

ಇಲ್ಲಿ ಅವಸರ ಬೇಡ. ಇಂಥ ಸೆಟ್‌ಗಳ ಒಳಗೆ 400ರಿಂದ 500 ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಆದ್ದರಿಂದ ಪ್ಲಗ್ ಕಿತ್ತು, ತಣ್ಣಗಾಗಲು ಬಿಟ್ಟು, ವೋಲ್ಟೇಜ್ ಇಳಿದಿದೆಯೆಂದು ಮೀಟರಿನಲ್ಲಿ ನೋಡಿದ ಮೇಲಷ್ಟೇ ಒಳಗೆ ಕೈಹಾಕಿ.

ಮೊದಲು ಮೂಗಿಗೆ ಕೆಲಸ ಕೊಡಿ. ಟ್ರಾನ್ಸ್‌ಫಾರ್ಮರಿನ ಹತ್ತಿರ ಸುಟ್ಟ ವಾರ್ನಿಷಿನ ವಾಸನೆ ಇದೆಯೇ? ಬುಡದಲ್ಲಿ ಮೇಣವೋ ಟಾರೋ ಸೋರಿ ಗಟ್ಟಿಯಾಗಿದೆಯೇ? ಇದ್ದರೆ ಮಾತು ಮುಗಿಸಿ ಎದ್ದು ಬನ್ನಿ.

ಮುಂದಿನದು ಮಲ್ಟಿಮೀಟರಿನ ಪರೀಕ್ಷೆ. ದೊಡ್ಡ ವಾಲ್ವ್‌ಗಳನ್ನು ನಿಧಾನಕ್ಕೆ ಕಿತ್ತಿಡಿ. ಇಎಲ್34, 6ಎಲ್6, ಕೆಟಿ88 ಮೂರರಲ್ಲೂ ಮೂರನೇ ಕಾಲು ಪ್ಲೇಟಿನದು (ವಾಲ್ವಿನೊಳಗೆ ಎಲೆಕ್ಟ್ರಾನ್ ಬಂದು ಸೇರುವ ಲೋಹದ ತಗಡು), ಅಂದರೆ ಸಾಕೆಟ್ಟಿನ ಆ ತೂತು ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಕಾಲುಗಳ ಎಣಿಕೆ ಸಾಕೆಟ್ಟನ್ನು ಕೆಳಗಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ, ಮೇಲಿನಿಂದ ನೋಡಿದಾಗ ಅದಕ್ಕೆ ತಿರುಗು. ಇಲ್ಲೇ ಬಹಳ ಜನ ತಪ್ಪು ತೂತಿಗೆ ಕಡ್ಡಿ ಇಟ್ಟು ‘ಟ್ರಾನ್ಸ್‌ಫಾರ್ಮರ್ ಹೋಗಿದೆ’ ಎಂದು ಒಳ್ಳೆಯ ಸೆಟ್ಟನ್ನು ಬಿಟ್ಟುಬರುತ್ತಾರೆ. ಮೊದಲು ಆ ತೂತಿಗೂ ಷಾಸಿಗೂ (ಸೆಟ್ಟಿನ ಲೋಹದ ಚೌಕಟ್ಟಿಗೂ) ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ಸೊನ್ನೆಗೆ ಇಳಿದಿರಬೇಕು, ಇಳಿಯದಿದ್ದರೆ ಕಾಯಿರಿ. ಆಮೇಲೆ ಮೀಟರನ್ನು ಓಮ್‌ಗೆ ತಿರುಗಿಸಿ, ಒಂದೇ ಚಾನೆಲ್ಲಿನ ಎರಡು ಸಾಕೆಟ್‌ಗಳ ಮೂರನೇ ಕಾಲುಗಳ ನಡುವೆ ಅಳೆದು ಬರೆದುಕೊಳ್ಳಿ. ಇನ್ನೊಂದು ಚಾನೆಲ್ಲಿನಲ್ಲೂ ಹಾಗೇ ಮಾಡಿ. ಎರಡೂ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದು ಕಡೆ ಮೀಟರ್ ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ತೀರಾ ಕಡಿಮೆ ಬಂದರೆ ಒಳಗೆ ಸುತ್ತುಗಳು ಅಂಟಿಕೊಂಡಿವೆ. ಎರಡು ಮೂರು ಸುತ್ತು ಮಾತ್ರ ಅಂಟಿದ್ದರೆ ಈ ಪರೀಕ್ಷೆ ಹಿಡಿಯುವುದಿಲ್ಲ, ಅದಕ್ಕೆ ಕೊನೆಯಲ್ಲಿ ಜೋರಾಗಿ ನುಡಿಸಿ ನೋಡುವುದೇ ದಾರಿ.

ಈ ಟ್ರಾನ್ಸ್‌ಫಾರ್ಮರನ್ನು ಕೊಲ್ಲುವ ಕಳ್ಳನ ಹೆಸರು ಕಪ್ಲಿಂಗ್ ಕೆಪಾಸಿಟರ್. ಡಿಸಿಯನ್ನು ತಡೆದು ಸದ್ದಿನ ಸಿಗ್ನಲನ್ನಷ್ಟೇ ಮುಂದೆ ಬಿಡುವುದು ಅದರ ಕೆಲಸ. ಹಳೇ ಕಾಗದದ ಕೆಪಾಸಿಟರ್ ಸೋರತೊಡಗಿದರೆ ಡಿಸಿ ವೋಲ್ಟೇಜ್ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ನುಗ್ಗುತ್ತದೆ. ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಅದರ ಪ್ಲೇಟ್ ಕೆಂಪಗಾಗುತ್ತದೆ, ಕಡೆಗೆ ಟ್ರಾನ್ಸ್‌ಫಾರ್ಮರಿನ ತಂತಿ ಕರಗುತ್ತದೆ. ನಾನೂ ಒಮ್ಮೆ ‘ಒಂದೂ ಭಾಗ ಬದಲಿಸಿಲ್ಲ, ಎಲ್ಲ ಒರಿಜಿನಲ್’ ಎಂಬ ಮಾತಿಗೆ ಮರುಳಾಗಿ ಒಂದನ್ನು ಹೊತ್ತು ತಂದಿದ್ದೆ. ಮೊದಲ ಹಾಡು ಮುಗಿಯುವ ಮುಂಚೆಯೇ ಕೋಣೆ ತುಂಬ ಹೊಗೆ. ಅಂದಿನಿಂದ ‘ಎಲ್ಲ ಒರಿಜಿನಲ್’ ಎಂದರೆ ನನ್ನ ಕಿವಿಗೆ ‘ರಿಪೇರಿ ಖರ್ಚು ನಿಮ್ಮದೇ’ ಎಂದೇ ಕೇಳಿಸುತ್ತದೆ. ಟ್ರಾನ್ಸ್‌ಫಾರ್ಮರ್ ಒರಿಜಿನಲ್ ಇರಲಿ. ಕಪ್ಲಿಂಗ್ ಕೆಪಾಸಿಟರ್, ಎಲೆಕ್ಟ್ರೋಲೈಟಿಕ್ ಕೆಪಾಸಿಟರ್, ಬಯಾಸಿನ (ವಾಲ್ವ್ ಸುಮ್ಮನಿದ್ದಾಗ ಎಷ್ಟು ಕರೆಂಟ್ ಎಳೆಯಬೇಕೆಂದು ನಿಗದಿ ಮಾಡುವ ವೋಲ್ಟೇಜಿನ) ಸೆಲೆನಿಯಂ ರೆಕ್ಟಿಫೈಯರ್ ಇಷ್ಟೂ ಹೊಸತಾಗಿರಬೇಕು. ಇಲ್ಲದಿದ್ದರೆ ವಾಲ್ವ್ ಸೆಟ್ ಬಲ್ಲ ರಿಪೇರಿಯವರ ಕೂಲಿಯನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ನಾಲ್ಕನೇ ಹೆಜ್ಜೆ: ಕರೆಂಟ್ ಕೊಡುವುದು

ಅಮೆರಿಕದ ಹಳೇ ಸೆಟ್‌ಗಳ ಹಿಂದೆ 117 ವೋಲ್ಟ್ ಎಂದು ಬರೆದಿರುತ್ತದೆ. 230 ವೋಲ್ಟ್ ಇರುವ ಕಡೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಎಲ್ಲ ವಾಲ್ವ್ ಕಿತ್ತಿಟ್ಟು, ಕರೆಂಟಿನ ದಾರಿಯಲ್ಲಿ 60 ವಾಟಿನ ಒಂದು ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಕಟ್ಟಿ (ಎಲ್ಇಡಿ ಆಗುವುದಿಲ್ಲ). ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಮೇನ್ ಟ್ರಾನ್ಸ್‌ಫಾರ್ಮರಿನಲ್ಲೋ ವೈರಿಂಗಿನಲ್ಲೋ ಶಾರ್ಟ್ ಇದೆ.

ಐದನೆಯದು, ನುಡಿಸಿ ನೋಡುವುದು

ವಾಲ್ವ್‌ಗಳನ್ನು ಮತ್ತೆ ಕೂರಿಸಿ, ಸ್ಪೀಕರ್ ಜೋಡಿಸಿದ ಮೇಲಷ್ಟೇ ಸ್ವಿಚ್ ಹಾಕಿ. ಸ್ಪೀಕರ್ ಇಲ್ಲದೆ ನುಡಿಸಿದರೂ ಟ್ರಾನ್ಸ್‌ಫಾರ್ಮರ್ ಸುಡಬಹುದು. ನಿಮ್ಮದೇ ಸ್ಪೀಕರ್, ನಿಮಗೆ ಬಾಯಿಪಾಠವಾದ ಹಾಡು, ನೀವು ಮನೆಯಲ್ಲಿ ಕೇಳುವಷ್ಟೇ ಜೋರು, ಕಡಿಮೆಯೆಂದರೆ ಅರ್ಧ ಗಂಟೆ. ಮಾರುವವನು ಮೆಲುದನಿಯ ಹಾಡು ಹಾಕಲು ಒತ್ತಾಯಿಸಿದರೆ ಅನುಮಾನಪಡಿ. ದೀಪ ಆರಿಸುವ ಹೊತ್ತು ಇದು: ಒಳಗಿನ ಫಿಲಮೆಂಟ್ ಕಿತ್ತಳೆ ಬಣ್ಣಕ್ಕೆ ಹೊಳೆಯಲಿ, ಆದರೆ ಸುತ್ತಲಿನ ಬೂದು ಪ್ಲೇಟ್ ಕೆಂಪಗಾದರೆ ತಕ್ಷಣ ಆರಿಸಿ. ಬಾಸ್ ತುಸು ಸಡಿಲ ಅನ್ನಿಸಿದರೆ ಅದು ಈ ಜಾತಿಯ ಸ್ವಭಾವ, ಮೊದಲು ಸ್ಪೀಕರ್ ತಂತಿಯನ್ನು 8 ಓಮ್‌ನಿಂದ 4 ಓಮ್‌ನ ತಿರುಪಿಗೆ ಬದಲಿಸಿ ಕೇಳಿ.

ಹೊಸ ವಾಲ್ವ್ ಹಾಕಿದಾಗಲೆಲ್ಲ ಬಯಾಸ್ ಅಳೆಯಬೇಕು. ಸ್ಟೀರಿಯೊ 70ರ ಮೂಲ ವಿನ್ಯಾಸದಲ್ಲಿ ಅದನ್ನು ಅಳೆಯಲು ಮುಂದುಗಡೆ ಸಾಕೆಟ್ ಇದೆ, ಅಲ್ಲಿ 1.56 ವೋಲ್ಟ್ ಬರುವಂತೆ ತಿರುಪು ತಿರುಗಿಸಿ. ಅರ್ಧ ಗಂಟೆ ಬಿಸಿಯಾದ ಮೇಲೆ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಅಳೆಯಿರಿ.